ಕ್ಲಬ್ಬಿನ ಊಟದ ಮೇಜಿಗೆ ಹೊರಗಿನವರು ಕೂರಬಹುದೇ? ಉಮರ್ಗಾ, ನಿಲಂಗಾ, ಉದಗೀರ್‌ನಿಂದ ಕಾಣುವ ಪ್ರಶ್ನೆ

ಪುಣೆಯಿಂದ ಹೈದರಾಬಾದ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾ ಮೂಲಕವೇ ಹಾದುಹೋಗುತ್ತದೆ. ಹೆದ್ದಾರಿ ಬದಿಯ ಧಾಬಾಕ್ಕೆ ಲಾರಿ ಚಾಲಕ ಬರಲಿ, ಮದುವೆ ದಿಬ್ಬಣ ಬರಲಿ, ಕಾಲೇಜು ಹುಡುಗರು ಬರಲಿ, ಮೇಜು ಒರೆಸಿ ನೀರು ಇಡುತ್ತಾರೆ. ಯಾರ ಕಡೆಯವರು, ಯಾರು ಕರೆದರು ಅಂತ ಕೇಳುವುದಿಲ್ಲ. ಅದೇ ರಸ್ತೆಯಲ್ಲಿ ನಾಲ್ಕೈದು ಗಂಟೆ ಮುಂದೆ ಹೋದರೆ ಸಿಕಂದರಾಬಾದ್ ಕ್ಲಬ್ ಸಿಗುತ್ತದೆ. 1878ರಲ್ಲಿ ಶುರುವಾದದ್ದು. ಜೇಬಿನಲ್ಲಿ ಎಷ್ಟೇ ದುಡ್ಡಿದ್ದರೂ ಸದಸ್ಯರೊಬ್ಬರು ಕರೆದೊಯ್ಯದೆ ಅಲ್ಲಿ ಕುಳಿತು ಊಟ ಮಾಡಲು ಆಗುವುದಿಲ್ಲ.

ಇದು ನ್ಯಾಯವೇ? ಕಾನೂನು ಇದನ್ನು ಒಪ್ಪುತ್ತದೆಯೇ? ದುಡ್ಡು ಕೊಡುತ್ತೇನೆ ಎಂದರೂ ಊಟವಿಲ್ಲ ಎನ್ನುವ ಹಕ್ಕು ಯಾರಿಗಾದರೂ ಇದೆಯೇ? ಓದಿ ಹೈದರಾಬಾದ್, ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರಿಗೆ ಈ ಪ್ರಶ್ನೆ ಎದುರಾಗುವುದು ಸಹಜ. ಕಚೇರಿಯ ಮೇಲಧಿಕಾರಿ ಕ್ಲಬ್‌ಗೆ ಊಟಕ್ಕೆ ಕರೆಯುತ್ತಾರೆ. ಹೋಗುವವನಿಗೆ ಬಾಗಿಲಲ್ಲಿ ಏನು ಕೇಳುತ್ತಾರೋ ಗೊತ್ತಿರುವುದಿಲ್ಲ.

ಕರಾವಳಿಯ ಓದುಗರಿಗೆ ಈ ಮೂರು ಊರುಗಳು ದೂರ ಅನಿಸಬಹುದು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾದ ದಿನವೇ ಅತ್ತ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ್, ನಿಲಂಗಾ ಮುಂಬೈ ರಾಜ್ಯಕ್ಕೆ ಸೇರಿದವು. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ್ ಜಿಲ್ಲೆಯದು, ಅದೂ ಜಿಲ್ಲೆಯ ಜೊತೆಗೆ ಹೋಯಿತು. ಈಗ ಉದಗೀರ್, ನಿಲಂಗಾ ಲಾತೂರ್ ಜಿಲ್ಲೆಯಲ್ಲಿವೆ, ಉಮರ್ಗಾ ಇರುವ ಜಿಲ್ಲೆಗೆ ಧಾರಾಶಿವ ಎಂಬ ಹೆಸರು ಬಂದಿದೆ. ಮರಾಠಿ, ಕನ್ನಡ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ನಡೆಯುವ ಸೀಮೆ ಇದು. ಅದಕ್ಕೂ ಹಿಂದೆ ಮೂರೂ ನಿಜಾಮರ ರಾಜ್ಯದ ಊರುಗಳು. ಅಂದರೆ ಆ ಕ್ಲಬ್ ಇರುವ ಅವಳಿ ನಗರವೇ ಒಂದು ಕಾಲಕ್ಕೆ ಇವರ ರಾಜಧಾನಿ.

ಈ ಸೀಮೆಯಲ್ಲಿ ಕ್ಲಬ್ ಎಂದರೆ ಹಿರಿಯರಿಗೆ ಬೇರೆಯದೇ ಚಿತ್ರ ಕಣ್ಣ ಮುಂದೆ ಬರುತ್ತದೆ. ಹಸಿರು ಹುಲ್ಲು, ಟೆನಿಸ್ ಅಂಗಳ ಅಲ್ಲ. ಮುಚ್ಚಿದ ಕೋಣೆ, ಇಸ್ಪೀಟು, ಸಿಗರೇಟಿನ ಹೊಗೆ. "ಅವನು ಕ್ಲಬ್ಬಿಗೆ ಹೋಗ್ತಾನೆ" ಅಂದರೆ ಮನೆ ಹಾಳು ಮಾಡ್ತಾನೆ ಅಂತಲೇ ಅರ್ಥ. ಈ ಇಸ್ಪೀಟು ಕ್ಲಬ್‌ಗಳಿಗೆ ಆಸರೆಯಾದ ತೀರ್ಪು ಕೂಡ ಸಿಕಂದರಾಬಾದ್‌ನಿಂದಲೇ ಹೋದ ಪ್ರಕರಣದ್ದು. ಅಲ್ಲಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ ಮೇಲೆ ಪೊಲೀಸರು ಹೂಡಿದ ಕೇಸಿನಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1960ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಚರ್ಚೆ ಇಲ್ಲಿ ಬೇಡ. ಒಂದು ಮಾತು ಸಾಕು: 'ಸದಸ್ಯರಿಗೆ ಮಾತ್ರ' ಎಂಬ ಬೋರ್ಡು ದೊಡ್ಡವರ ಹುಲ್ಲುಹಾಸಿನ ಮುಂದೆಯೂ ಇರುತ್ತದೆ, ಜೂಜಿನ ಅಡ್ಡೆಯ ಬಾಗಿಲಲ್ಲೂ ಇರುತ್ತದೆ.

ನೇರ ಉತ್ತರ

ಸದಸ್ಯರಲ್ಲದವರು ಕ್ಲಬ್‌ನಲ್ಲಿ ಊಟ ಮಾಡಬಹುದು, ಆದರೆ ಗಿರಾಕಿಯಾಗಿ ಅಲ್ಲ, ಅತಿಥಿಯಾಗಿ. ಹಳೆಯ ಕ್ಲಬ್‌ಗಳ ಪದ್ಧತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಸದಸ್ಯರು ಜೊತೆಗೆ ಬರಬೇಕು, ಬಾಗಿಲಲ್ಲಿರುವ ಪುಸ್ತಕದಲ್ಲಿ ಅತಿಥಿಯ ಹೆಸರು ಬರೆಯಬೇಕು. ಕೆಲವೆಡೆ ಅತಿಥಿ ಶುಲ್ಕ ಉಂಟು. ಒಬ್ಬರೇ ಅತಿಥಿ ಪದೇ ಪದೇ ಬರುವುದಕ್ಕೂ ಮಿತಿ ಇಟ್ಟಿರುತ್ತಾರೆ. ಬಿಲ್ಲಿಗೆ ಸಹಿ ಹಾಕುವುದು ಸದಸ್ಯರೇ, ಹಣ ಹೋಗುವುದೂ ಅವರ ಖಾತೆಯಿಂದಲೇ. ಅತಿಥಿ ಜೇಬಿನಿಂದ ನೋಟು ತೆಗೆದರೆ ಬೇರರ್ ಮುಜುಗರದಿಂದ ಬೇಡ ಎನ್ನುತ್ತಾನೆ. ಮರ್ಯಾದೆಗಲ್ಲ, ನಿಯಮ ಹಾಗಿದೆ. ಬೇರೆ ಊರಿನ ಕ್ಲಬ್‌ನ ಸದಸ್ಯರಾಗಿದ್ದು ಎರಡು ಕ್ಲಬ್‌ಗಳ ನಡುವೆ ಒಪ್ಪಂದವಿದ್ದರೆ ಇನ್ನೊಂದು ದಾರಿ ಇದೆ. ಸದಸ್ಯರ ಹೆಸರಿನಲ್ಲಿ ಹುಲ್ಲುಹಾಸು ಬಾಡಿಗೆಗೆ ಪಡೆದು ಮದುವೆ ಊಟ ಹಾಕಿಸಿದರೆ ನೂರಾರು ಹೊರಗಿನವರು ಉಂಡು ಬರುತ್ತಾರೆ.

ಈ ಕಟ್ಟುಪಾಡನ್ನು ದೊಡ್ಡಸ್ತಿಕೆ ಎಂದಷ್ಟೇ ತಿಳಿದರೆ ಅರ್ಧ ಸತ್ಯ. ಇನ್ನರ್ಧ ತೆರಿಗೆ ಮತ್ತು ಮದ್ಯದ ಪರವಾನಗಿಯಲ್ಲಿದೆ.

ಕ್ಲಬ್‌ಗಳು ಕೋರ್ಟಿನಲ್ಲಿ ಯಾವಾಗಲೂ ಹೇಳುವ ವಾದ ಒಂದೇ: ನಾವು ಯಾರಿಗೂ ಏನನ್ನೂ ಮಾರುತ್ತಿಲ್ಲ, ನಮ್ಮ ದುಡ್ಡಿನಲ್ಲಿ ನಾವೇ ಅಡುಗೆ ಮಾಡಿಸಿ ನಾವೇ ಉಣ್ಣುತ್ತೇವೆ, ತನಗೆ ತಾನೇ ಯಾರಾದರೂ ಮಾರುತ್ತಾರೆಯೇ? ಕಲ್ಕತ್ತಾ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಅಕ್ಟೋಬರ್ 3ರಂದು ಈ ವಾದವನ್ನು ಒಪ್ಪಿತು. ಸದಸ್ಯರಿಗೆ ಬಡಿಸಿದ ಊಟದ ಮೇಲೆ ಮಾರಾಟ ತೆರಿಗೆ ಇಲ್ಲ ಎಂದಿತು. ಕೇಂದ್ರ ಸರಕಾರ ಸುಮ್ಮನಿರಲಿಲ್ಲ. 2021ರಲ್ಲಿ ಜಿಎಸ್‌ಟಿ ಕಾಯ್ದೆಗೆ ತಿದ್ದುಪಡಿ ತಂದು, ಕ್ಲಬ್ ಬೇರೆ, ಸದಸ್ಯ ಬೇರೆ ಎಂದು 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಬರೆಯಿತು. ಕೇರಳ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ, ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ, ಆ ತಿದ್ದುಪಡಿಯನ್ನು ಅಸಾಂವಿಧಾನಿಕ ಎಂದಿತು.

ಈ ವಾದ ನಿಲ್ಲಬೇಕಾದರೆ ಹೊರಗಿನವರ ದುಡ್ಡು ಒಳಗೆ ಬರಬಾರದು. ಬೆಂಗಳೂರು ಕ್ಲಬ್ ಸದಸ್ಯರ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಪಡೆದಾಗ, ಬ್ಯಾಂಕು ಆ ಹಣವನ್ನು ಹೊರಗಿನವರ ಜೊತೆ ತಿರುಗಿಸಿ ಗಳಿಸಿದ್ದು ತಾನೇ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಆ ಬಡ್ಡಿಗೆ ತೆರಿಗೆ ಕಟ್ಟಿ ಎಂದಿತ್ತು. ಸಿಕಂದರಾಬಾದ್ ಕ್ಲಬ್‌ಗೂ 2023ರಲ್ಲಿ ಅದೇ ಮಾತು. ಬ್ಯಾಂಕಿನ ಬಡ್ಡಿಗೇ ಹೀಗಾದರೆ, ರಸ್ತೆಯಿಂದ ಬಂದು ಬಿರಿಯಾನಿ ತಿಂದು ನಗದು ಕೊಟ್ಟು ಹೋಗುವ ಗಿರಾಕಿಯ ಗತಿ ಏನು? ಆ ಒಂದು ಪ್ಲೇಟಿನ ಮಟ್ಟಿಗೆ ಕ್ಲಬ್ ಹೋಟೆಲ್ ಆಗಿಬಿಡುತ್ತದೆ. ಅದಕ್ಕೇ ಬೇರರ್ ನೋಟು ಮುಟ್ಟುವುದಿಲ್ಲ.

ಮದ್ಯದ ಪರವಾನಗಿಯೂ ಹಾಗೆಯೇ. ಗಡಿಯ ಆಚೆ ಈಚೆ ಓಡಾಡುವವರಿಗೆ ಎರಡೂ ರಾಜ್ಯದ ಬೋರ್ಡುಗಳು ಗೊತ್ತು. ಮಹಾರಾಷ್ಟ್ರದಲ್ಲಿ 'ಪರ್ಮಿಟ್ ರೂಮ್' ಎಂದು ಬರೆದಿರುವ ಹೋಟೆಲ್‌ನದು ಎಫ್‌ಎಲ್-3 ಪರವಾನಗಿ, ಕ್ಲಬ್‌ನದು ಎಫ್‌ಎಲ್-4. ಕರ್ನಾಟಕದಲ್ಲಿ ಬಾರ್ ಆ್ಯಂಡ್ ರೆಸ್ಟೋರೆಂಟ್‌ಗೆ ಸಿಎಲ್-9, ಕ್ಲಬ್‌ಗೆ ಸಿಎಲ್-4. ಕ್ಲಬ್ ಪರವಾನಗಿ ಸದಸ್ಯರಿಗಾಗಿ ಕೊಟ್ಟದ್ದು, ಊರಿಗೆಲ್ಲ ಮಾರಲು ಅಲ್ಲ. ನಾಲ್ಕು ಜನ ಸೇರಿ ಒಂದು ಸಂಘ ನೋಂದಣಿ ಮಾಡಿ, ಸಿಎಲ್-4 ಪಡೆದು, ಬಂದವರಿಗೆಲ್ಲ ಬಡಿಸುವ 'ಕ್ಲಬ್'ಗಳ ಬಗ್ಗೆ ಕರ್ನಾಟಕದಲ್ಲಿ ದೂರುಗಳು ಹಳೆಯವು. ಮದ್ಯ ಇರುವ ಕಡೆ ಊಟಕ್ಕೆ ಕೂರಬೇಕೇ ಎಂಬುದು ಸಮುದಾಯದ ಹುಡುಗರಿಗೆ ಇನ್ನೊಂದು ಪ್ರಶ್ನೆ. ಅದನ್ನು ಅವರವರೇ ತೀರ್ಮಾನಿಸಿಕೊಳ್ಳಬೇಕು.

ಸಂವಿಧಾನ ಎಲ್ಲಿ ಗೆರೆ ಎಳೆದಿದೆ

ಸಂವಿಧಾನದ 15(2)ನೇ ವಿಧಿ ಸ್ಪಷ್ಟವಾಗಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್, ಸಾರ್ವಜನಿಕ ಮನರಂಜನೆಯ ಜಾಗಗಳಿಂದ ದೂರ ಇಡುವಂತಿಲ್ಲ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರಕಾರವನ್ನು ಕಟ್ಟಿಹಾಕುತ್ತವೆ, ಇದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮಾಲಕನನ್ನೂ ಕಟ್ಟಿಹಾಕುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ, 'ಅಂಗಡಿ' ಎಂದರೆ ಏನೆಲ್ಲ ಎಂಬ ಪ್ರಶ್ನೆ ಎದ್ದಿತು. ಬಂದು ಕೇಳಿದ ಯಾರಿಗೇ ಆಗಲಿ ಸೇವೆ ಕೊಡಲು ಸಿದ್ಧವಾಗಿರುವ ಜಾಗ ಎಂಬ ವಿಶಾಲ ಅರ್ಥವನ್ನು ಡಾ. ಅಂಬೇಡ್ಕರ್ ಕೊಟ್ಟರು. ಹಾಗಾಗಿ ಕ್ಷೌರದಂಗಡಿ, ಲಾಂಡ್ರಿ ಎಲ್ಲವೂ ಅದರೊಳಗೆ ಬಂದವು.

ಕ್ಲಬ್ ತಪ್ಪಿಸಿಕೊಳ್ಳುವುದೂ ಇದೇ ವಾಕ್ಯದಲ್ಲಿ. "ನಾವು ಬಂದ ಯಾರಿಗೂ ಕೊಡುವವರಲ್ಲ" ಎನ್ನುತ್ತದೆ. ಸಂಘ ಕಟ್ಟುವ ಸ್ವಾತಂತ್ರ್ಯ 19ನೇ ವಿಧಿಯಲ್ಲಿದೆ, ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಆಯ್ಕೆ ಅದರ ಭಾಗವೇ. ಹಾಗಾಗಿ 'ಸದಸ್ಯರಲ್ಲ' ಎಂಬ ಕಾರಣಕ್ಕೆ ಊಟ ನಿರಾಕರಿಸಿದರೆ ಕಾನೂನು ಕ್ಲಬ್ಬಿನ ಪರ ನಿಲ್ಲುತ್ತದೆ. ಆದರೆ ಬಾಗಿಲಲ್ಲಿ ಕ್ಲಬ್ ಎಂದು ಬರೆದು ಒಳಗೆ ಬಂದವರಿಗೆಲ್ಲ ಬಿಲ್ ಹರಿಯುವ ಜಾಗ, ಊರಾಚೆ ಈಜುಕೊಳ ಕಟ್ಟಿ 'ಕಂಟ್ರಿ ಕ್ಲಬ್' ಎಂದು ಹೆಸರಿಟ್ಟ ರೆಸಾರ್ಟ್, ಇವು ಆ ಮಾತು ಹೇಳುವ ಹಾಗಿಲ್ಲ. ಹತ್ತು ಜನರಿಗೆ ದುಡ್ಡಿಗೆ ಊಟ ಕೊಟ್ಟು ಹನ್ನೊಂದನೆಯವನ ಟೋಪಿ ನೋಡಿ "ಸದಸ್ಯರಿಗೆ ಮಾತ್ರ" ಎಂದರೆ ಅದು ಸಂಘ ಸ್ವಾತಂತ್ರ್ಯ ಅಲ್ಲ, 15(2)ರ ಉಲ್ಲಂಘನೆ.

ಇಲ್ಲೊಂದು ದೊಡ್ಡ ಕೊರತೆ ಇದೆ, ಅದರ ಚರ್ಚೆ ಸಾಲದು. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲ್ ಪ್ರವೇಶ ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಒಂದರಿಂದ ಆರು ತಿಂಗಳ ಜೈಲು. ಪರಿಶಿಷ್ಟ ಜಾತಿ, ಪಂಗಡದವರಿಗೆ ದೌರ್ಜನ್ಯ ತಡೆ ಕಾಯ್ದೆಯ ಬಲವೂ ಇದೆ. ಆದರೆ ಧರ್ಮದ ಕಾರಣಕ್ಕೆ ಹೋಟೆಲ್ ಊಟ ನಿರಾಕರಿಸಿದರೆ ನೇರವಾಗಿ ಠಾಣೆಗೆ ಹೋಗಿ ಇಂಥ ಕಲಂ ಹಾಕಿ ಎನ್ನಲು ಅಷ್ಟೇ ಗಟ್ಟಿಯಾದ ಪ್ರತ್ಯೇಕ ಕಾಯ್ದೆ ಇಲ್ಲ. ಸಂವಿಧಾನದಲ್ಲಿ ಹಕ್ಕು ಇದೆ, ಅದನ್ನು ಮುರಿದವನಿಗೆ ಶಿಕ್ಷೆ ಬರೆದಿಲ್ಲ. ಶಶಿ ತರೂರ್ ತಾರತಮ್ಯ ವಿರೋಧಿ ಖಾಸಗಿ ಮಸೂದೆಯೊಂದನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ. ಈ ನಡುವೆ ಗಾಳಿ ಇನ್ನೊಂದು ದಿಕ್ಕಿಗೂ ಬೀಸಿತು: 2024ರ ಕಾಂವಡ್ ಯಾತ್ರೆಯ ಹೊತ್ತಿಗೆ ಉತ್ತರ ಪ್ರದೇಶದಲ್ಲಿ ಉಣ್ಣುವವನ ಹೆಸರಲ್ಲ, ಉಣಿಸುವವನ ಹೆಸರನ್ನು ಬೋರ್ಡಿನಲ್ಲಿ ಬರೆಸಲು ಹೊರಟರು. ಆ ವರ್ಷದ ಜುಲೈ 22ರಂದು ಸುಪ್ರೀಂ ಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು.

ಕರೆದರೂ ಬಾಗಿಲಲ್ಲಿ ನಿಲ್ಲಿಸಿದಾಗ

ಸದಸ್ಯರು ಕರೆದ ಮೇಲೆ ಎಲ್ಲ ಸಲೀಸು ಎಂದುಕೊಳ್ಳುವಂತಿಲ್ಲ. ಉಮರ್ಗಾದ ಪಕ್ಕದ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಬರಿಗಾಲಲ್ಲೇ ಓಡಾಡುತ್ತಿದ್ದ ಕಲಾವಿದರು. 1988ರಲ್ಲಿ ಮುಂಬೈಯ ವಿಲ್ಲಿಂಗ್ಡನ್ ಕ್ಲಬ್ ಕಾಲಲ್ಲಿ ಚಪ್ಪಲಿ ಇಲ್ಲ ಎಂದು ಅವರನ್ನು ಒಳಗೆ ಬಿಡಲಿಲ್ಲ. ಯುರೋಪಿಯನ್ನರ ಕ್ಲಬ್‌ಗಳು ಭಾರತೀಯರನ್ನು ಸೇರಿಸುತ್ತಿರಲಿಲ್ಲ ಎಂಬ ಕಾರಣಕ್ಕೆ ಇಬ್ಬರಿಗೂ ಜಾಗವಿರಲಿ ಎಂದು ಹುಟ್ಟಿದ ಕ್ಲಬ್ ಅದು! 2017ರ ಜೂನ್‌ನಲ್ಲಿ ದಿಲ್ಲಿಯ ಗಾಲ್ಫ್ ಕ್ಲಬ್‌ನಲ್ಲಿ, ಸದಸ್ಯರ ಅತಿಥಿಯಾಗಿ ಊಟಕ್ಕೆ ಕುಳಿತಿದ್ದ ಮೇಘಾಲಯದ ಖಾಸಿ ಮಹಿಳೆಯನ್ನು ಆಕೆಯ ಸಾಂಪ್ರದಾಯಿಕ ಉಡುಪು ನೋಡಿ, ಮನೆಗೆಲಸದವರ ಹಾಗೆ ಕಾಣುತ್ತೀರಿ ಎಂದು ಮೇಜಿನಿಂದ ಎಬ್ಬಿಸಿದರು. ಅತಿಥಿ ಎಂಬ ಹೆಸರಿನಲ್ಲಿ ಒಳಗೆ ಹೋದವರಿಗೆ ಇರುವುದು ಸದಸ್ಯರ ಔದಾರ್ಯ, ತಮ್ಮದೇ ಹಕ್ಕಲ್ಲ ಎಂಬುದನ್ನು ಈ ಎರಡು ಪ್ರಸಂಗಗಳು ತೋರಿಸಿಕೊಟ್ಟವು.

ತಮಿಳುನಾಡು ಮಾತ್ರ ಇದಕ್ಕೆ ಉತ್ತರ ಕೊಟ್ಟಿತು. 2014ರ ಜುಲೈಯಲ್ಲಿ ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ವೇಷ್ಟಿ ಉಟ್ಟದ್ದಕ್ಕೆ ತಡೆಯಿತು. ಕೆಲವೇ ವಾರಗಳಲ್ಲಿ ಜಯಲಲಿತಾ ಸರಕಾರ ಕಾಯ್ದೆ ತಂದು, ಮನರಂಜನಾ ಕ್ಲಬ್‌ಗಳನ್ನೂ ಸೇರಿಸಿ, ತಮಿಳು ಉಡುಪಿನ ಕಾರಣಕ್ಕೆ ಪ್ರವೇಶ ತಡೆದರೆ ಪರವಾನಗಿ ರದ್ದು, 25,000 ರೂಪಾಯಿ ದಂಡ ಎಂದಿತು. ತಡೆಯಲ್ಪಟ್ಟದ್ದು ನ್ಯಾಯಮೂರ್ತಿ ಆಗಿರದೆ ಹೊಲದ ಕೂಲಿಯವನಾಗಿದ್ದರೆ ಇಷ್ಟು ಬೇಗ ಕಾಯ್ದೆ ಬರುತ್ತಿತ್ತೇ ಎಂಬ ಅನುಮಾನ ಇದ್ದದ್ದೇ. ಆದರೂ ಬೆಂಗಳೂರಿನಲ್ಲಿ 2024ರ ಜುಲೈಯಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಮಾಲ್ ಒಳಗೆ ಬಿಡದಿದ್ದಾಗ ಸರಕಾರ ಆ ಮಾಲನ್ನೇ ಏಳು ದಿನ ಮುಚ್ಚಿಸಿತು. ಮಾಲ್ ಎಲ್ಲರಿಗೂ ತೆರೆದ ಜಾಗ, ಹಾಗಾಗಿ ಕೈ ಹಾಕುವುದು ಸುಲಭವಾಯಿತು.

ಹೊರಗಿಟ್ಟವರ ವಿರುದ್ಧ ಸಿಟ್ಟಿನಿಂದ ಕಟ್ಟಿದ ಕ್ಲಬ್ ಬೆಂಗಳೂರಿನಲ್ಲೂ ಇದೆ. ಬಿಳಿಯರ ಕ್ಲಬ್‌ನಲ್ಲಿ ಭಾರತೀಯರಿಗೆ ಜಾಗವಿಲ್ಲದ ಕಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ 1917ರಲ್ಲಿ ಸೆಂಚುರಿ ಕ್ಲಬ್ ಶುರು ಮಾಡಿದರು. ಆ ಕ್ಲಬ್ ಇರುವುದು ಕಬ್ಬನ್ ಪಾರ್ಕ್ ಬಳಿ ಮೈಸೂರು ಮಹಾರಾಜರು ಕೊಟ್ಟ ಏಳೂವರೆ ಎಕರೆಯಲ್ಲಿ. ನಮ್ಮದು ಖಾಸಗಿ, ಮಾಹಿತಿ ಹಕ್ಕು ಕಾಯ್ದೆ ನಮಗೆ ತಾಗುವುದಿಲ್ಲ ಎಂದು ಅದು ವಾದಿಸಿತ್ತು. ಸರಕಾರದ ನೆಲದ ಮೇಲೆ ನಿಂತ ಮೇಲೆ ಅದು ಸಾರ್ವಜನಿಕ ಪ್ರಾಧಿಕಾರವೇ, ಕೇಳಿದ ಮಾಹಿತಿ ಕೊಡಬೇಕು ಎಂದು ಇತ್ತೀಚೆಗೆ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. ದಿಲ್ಲಿ ಜಿಮ್‌ಖಾನಾ ಕ್ಲಬ್ ಕಥೆ ಇನ್ನೂ ಮುಂದೆ ಹೋಯಿತು: 27 ಎಕರೆಗೂ ಹೆಚ್ಚು ಸರಕಾರಿ ಜಾಗದಲ್ಲಿ ಕೆಲವೇ ಕುಟುಂಬಗಳ ಪಾರುಪತ್ಯ ಎಂಬ ದೂರಿನ ಮೇಲೆ, 2022ರ ಏಪ್ರಿಲ್‌ನಲ್ಲಿ ಕಂಪೆನಿ ಕಾನೂನು ನ್ಯಾಯಮಂಡಳಿ ಅದರ ಆಡಳಿತಕ್ಕೆ ಕೇಂದ್ರ ಸರಕಾರವೇ 15 ಜನರನ್ನು ನೇಮಿಸಲು ಬಿಟ್ಟಿತು.

ಹಾಗಂತ ಎಲ್ಲ ಕ್ಲಬ್‌ಗಳ ಬಾಗಿಲು ಒಡೆಯಬೇಕು ಎನ್ನುವವರು ಒಂದು ಕ್ಷಣ ತಡೆಯಬೇಕು. ಅಹಮದಾಬಾದ್‌ನ ಪಾರ್ಸಿಗಳ ವಸತಿ ಸಹಕಾರ ಸಂಘ ತನ್ನ ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂದದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ತೀರ್ಪನ್ನು ಮುಂದಿಟ್ಟು ಮುಸ್ಲಿಮರಿಗೆ ಮನೆ ಕೊಡದ ಸಂಘಗಳೂ ತಮ್ಮನ್ನು ಸಮರ್ಥಿಸಿಕೊಳ್ಳಬಹುದು. ಬ್ಯಾರಿ ಸಂಘಟನೆಗಳು, ಜಮಾಅತ್‌ಗಳು, ಗಲ್ಫ್‌ನ ಊರವರ ಕೂಟಗಳು ತಮ್ಮ ಸದಸ್ಯರನ್ನು ತಾವೇ ಆರಿಸಿಕೊಳ್ಳುವುದಕ್ಕೂ ಅದೇ 19ನೇ ವಿಧಿಯೇ ಆಸರೆ. ಈ ಹಕ್ಕನ್ನು ಪೂರ್ತಿ ಕಿತ್ತರೆ ಮೊದಲು ಪೆಟ್ಟು ಬೀಳುವುದು ಸಣ್ಣ ಸಮುದಾಯಗಳ ಸಂಘಗಳಿಗೆ, ಜಿಮ್‌ಖಾನಾಗಳಿಗಲ್ಲ. ಜಗಳ ಮಾಡಬೇಕಾದ್ದು ಎರಡು ಕಡೆ: ಸರಕಾರದ ನೆಲದಲ್ಲಿ ಕುಳಿತು ಖಾಸಗಿ ಎನ್ನುವವರ ಜೊತೆ, ಮತ್ತು ಊರಿಗೆಲ್ಲ ಮಾರುತ್ತಾ ಬೇಕಾದಾಗ ಮಾತ್ರ ಕ್ಲಬ್ ಆಗುವವರ ಜೊತೆ.

ಫೋನಿನಲ್ಲಿ ಬರುವ 'ಉಚಿತ ಊಟ'

ಸಣ್ಣ ಊರಿನ ಕುಟುಂಬಗಳಿಗೆ ನಿಜವಾದ ಅಪಾಯ ಇರುವುದು ಹಳೆಯ ಕ್ಲಬ್‌ಗಳಿಂದ ಅಲ್ಲ. ಅವು ಇವರನ್ನು ಕರೆಯುವುದೇ ಇಲ್ಲ. ಕರೆಯುವವರು ಬೇರೆ. "ಅಭಿನಂದನೆ ಸರ್, ನಿಮ್ಮ ನಂಬರ್ ಲಕ್ಕಿ ಡ್ರಾದಲ್ಲಿ ಬಂದಿದೆ, ಭಾನುವಾರ ಮೇಡಂ ಜೊತೆ ಬನ್ನಿ, ಡಿನ್ನರ್ ಉಚಿತ" ಎಂದು ಫೋನ್ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎನ್ನುತ್ತಾರೆ, ಕಾರಣ ಮನೆಗೆ ಹೋಗಿ ಕೇಳಿ ಹೇಳುತ್ತೇನೆ ಎನ್ನುವ ದಾರಿ ಮುಚ್ಚಲು. ನಗರದ ಹೋಟೆಲ್ ಹಾಲಿನಲ್ಲಿ ಜೋರು ಸಂಗೀತ, ನಾಲ್ಕು ಜನ ಸುತ್ತ ಕುಳಿತು ಮಾತು. ಹತ್ತಾರು ವರ್ಷ ಊರೂರಿನ ರೆಸಾರ್ಟ್‌ಗಳಲ್ಲಿ ತಂಗಬಹುದು, ಕ್ಲಬ್ ಸದಸ್ಯತ್ವ, ಈ ದಿನಕ್ಕೆ ಮಾತ್ರ ರಿಯಾಯಿತಿ ಎಂದು ಕಾರ್ಡು ಉಜ್ಜಿಸಿಕೊಂಡು ಕಳಿಸುತ್ತಾರೆ. ಆಮೇಲೆ ಕೋಣೆ ಕೇಳಿದರೆ ಖಾಲಿ ಇಲ್ಲ, ನಿರ್ವಹಣಾ ಶುಲ್ಕ ಕಟ್ಟಿ, ಹಣ ವಾಪಸ್ ಇಲ್ಲ ಎಂದು ಒಪ್ಪಂದದಲ್ಲೇ ಇದೆ ನೋಡಿ! ಇಂಥ ದೂರುಗಳು ಹಲವು ರಾಜ್ಯಗಳ ಗ್ರಾಹಕ ಆಯೋಗಗಳ ಮುಂದೆ ಬಂದಿವೆ, ಹಣ ಹಿಂದಿರುಗಿಸಿ ಎಂಬ ಆದೇಶಗಳೂ ಆಗಿವೆ. ಸದಸ್ಯರಲ್ಲದವರಿಗೆ ಕ್ಲಬ್ ಹೆಸರಿನಲ್ಲಿ ನಿಜವಾಗಿಯೂ ಬಿಟ್ಟಿ ಊಟ ಸಿಗುವುದು ಇಲ್ಲಿ ಮಾತ್ರ, ಮಗಳ ಮದುವೆಗೆ ಇಟ್ಟ ದುಡ್ಡು ಹೋಗುವುದೂ ಇಲ್ಲೇ.

ಹಣ ಕೊಟ್ಟಾಗಿದ್ದರೆ ಕೈ ಚೆಲ್ಲಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪೆನಿಯ ಕಚೇರಿ ಇರುವ ನಗರಕ್ಕೆ ಓಡಬೇಕಿಲ್ಲ. ಉದಗೀರ್, ನಿಲಂಗಾದವರು ಲಾತೂರ್‌ನಲ್ಲಿ, ಉಮರ್ಗಾದವರು ಧಾರಾಶಿವದಲ್ಲಿ, ಮಂಗಳೂರಿನವರು ಮಂಗಳೂರಿನಲ್ಲಿ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ಮೊದಲ ಹೆಜ್ಜೆಯಾಗಿ 1915 ಸಹಾಯವಾಣಿಗೆ ಕರೆ ಮಾಡಿದರೂ ನಡೆಯುತ್ತದೆ. ಸಹಿ ಹಾಕಿದ ಕಾಗದ, ಕಾರ್ಡಿನ ಸ್ಲಿಪ್, ಅವರು ಕಳಿಸಿದ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದರೆ ಅರ್ಧ ಕೇಸು ಗೆದ್ದ ಹಾಗೆ.

ಇನ್ನು ಊರಿನ ನೆಲದ ಪ್ರಶ್ನೆ. ಜಿಲ್ಲಾ ಕೇಂದ್ರಗಳಲ್ಲಿ, ತಾಲೂಕು ಊರುಗಳಲ್ಲಿ ಆಟದ ಸಂಘ, ಅಧಿಕಾರಿಗಳ ಕ್ಲಬ್, ವ್ಯಾಪಾರಿಗಳ ಕೂಟ ಎಂದು ಯಾವ್ಯಾವುದೋ ಹೆಸರಿನಲ್ಲಿ ಸರಕಾರಿ ಜಾಗ ಕೆಲವರ ಕೈಯಲ್ಲಿ ಉಳಿದಿದ್ದರೆ, ಆ ಜಾಗ ಯಾವ ಷರತ್ತಿನ ಮೇಲೆ ಕೊಟ್ಟದ್ದು, ಗುತ್ತಿಗೆ ಎಷ್ಟು ವರ್ಷದ್ದು, ಬಾಡಿಗೆ ಎಷ್ಟು, ಹುಲ್ಲುಹಾಸನ್ನು ಮದುವೆಗೆ ಬಾಡಿಗೆ ಕೊಡಲು ಅನುಮತಿ ಇದೆಯೇ, ಇವಿಷ್ಟನ್ನು ಕ್ಲಬ್ಬನ್ನು ಕೇಳಬೇಕಾಗಿಲ್ಲ. ಜಿಲ್ಲಾಧಿಕಾರಿ ಕಚೇರಿಯನ್ನೋ ನಗರ ಪರಿಷತ್ತನ್ನೋ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ.